‘ಇವತ್ತು ಹೇಗಿದೆ ಅನ್ನಿಸುತ್ತಿದೆ?’: ಆಸ್ಪತ್ರೆಯಲ್ಲಿರುವ ಕ್ಯಾನ್ಸರ್ ರೋಗಿ ದಿನವೂ ಸ್ವಲ್ಪ ಓಡಾಡಲು ಒಂದು ಮಾರ್ಗದರ್ಶಿ

ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿ ಅಕ್ಕ ಆಸ್ಪತ್ರೆ ಸೇರಿ ಒಂಬತ್ತು ದಿನವಾಗಿತ್ತು. ಆ ಒಂಬತ್ತು ದಿನವೂ ನಾನು ಅವಳನ್ನು ಮಂಚದಿಂದ ಇಳಿಯಲು ಬಿಟ್ಟಿರಲಿಲ್ಲ. ನೀರು ಬೇಕು ಅಂದರೆ ಬಾಯಿಗೇ ಹಿಡಿಯುತ್ತಿದ್ದೆ. ತಲೆ ನಾನೇ ಬಾಚುತ್ತಿದ್ದೆ. ಮಲಗಿದಷ್ಟೂ ಮೈ ಬೇಗ ಚೇತರಿಸಿಕೊಳ್ಳುತ್ತದೆ ಅಂತ ಮನಸಾರೆ ನಂಬಿದ್ದೆ. ಹತ್ತನೇ ದಿನ ಬೆಳಿಗ್ಗೆ ಅವಳು ಬಾತ್‌ರೂಮಿಗೆ ಹೋಗಲು ಎದ್ದು ನಿಂತಳು. ಎರಡೂ ಮಂಡಿ ಒಟ್ಟಿಗೆ ಕುಸಿದವು. ನರ್ಸ್ ಪಕ್ಕದಲ್ಲೇ ಇದ್ದದ್ದರಿಂದ ಬೀಳಲಿಲ್ಲ.

ಅವತ್ತು ಮಧ್ಯಾಹ್ನ ಫಿಸಿಯೋಥೆರಪಿಸ್ಟ್ ಬಂದರು. ಕಾಲು ಮುಟ್ಟಿ ನೋಡುವುದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿದರು. "ನಿಮ್ಮ ಆರೋಗ್ಯ ಇವತ್ತು ಹೇಗಿದೆ ಅಂತ ನಿಮಗೆ ಅನ್ನಿಸುತ್ತಿದೆ?" ಅಕ್ಕ ಸುಮಾರು ಹೊತ್ತು ಮಾತಾಡಲಿಲ್ಲ. ಜ್ವರ ಎಷ್ಟಿದೆ, ವಾಂತಿ ಎಷ್ಟು ಸಲ ಆಯಿತು ಅಂತ ಎಲ್ಲರೂ ಕೇಳಿದ್ದರು. ಹೀಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಪ್ರಶ್ನೆಯನ್ನೂ ದಿನದ ಓಡಾಟವನ್ನೂ ಜೊತೆಯಾಗಿ ಇಟ್ಟುಕೊಂಡರೆ ಆಸ್ಪತ್ರೆಯ ದಿನಗಳು ಎಷ್ಟು ಬದಲಾಗುತ್ತವೆ ಅನ್ನುವುದನ್ನು ಮುಂದಿನ ಮೂರು ವಾರದಲ್ಲಿ ಕಣ್ಣಾರೆ ನೋಡಿದೆ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಮಂಚದ ಮೇಲಿರುವವರು ಓದಬಹುದು, ಪಕ್ಕದ ಕುರ್ಚಿಯಲ್ಲಿ ಕೂತಿರುವವರೂ ಓದಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಾರ್ಡಿನ ಡಾಕ್ಟರು ಬೇಡ ಅಂದರೆ, ಇಲ್ಲಿ ಏನೇ ಬರೆದಿದ್ದರೂ ಬೇಡವೇ.

ಮಲಗಿಯೇ ಇದ್ದರೆ ಏನಾಗುತ್ತದೆ

ಮಲಗಿದರೆ ಶಕ್ತಿ ಉಳಿಯುತ್ತದೆ ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಮಂಚದ ಮೇಲೆ ಮಲಗಿಸಿದ್ದರು. ಅವರ ಸರಾಸರಿ ವಯಸ್ಸು 67. ಆ ಹತ್ತೇ ದಿನದಲ್ಲಿ ಕಾಲಿನ ಮಾಂಸಖಂಡ ಸುಮಾರು 1 ಕಿಲೋ ಕರಗಿತ್ತು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಕೀಮೋ ಇರಲಿಲ್ಲ, ಊಟ ಸೇರದೆ ಇರಲಿಲ್ಲ. ಹೀಗಿರುವಾಗ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಕಾಲು ಏನಾಗಬೇಡ?

ಸ್ನಾಯು ಕರಗುವುದಷ್ಟೇ ಅಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕ್ಯಾನ್ಸರ್ ಇದ್ದವರಿಗೆ ಮೊದಲೇ ಜಾಸ್ತಿ, ಅಲ್ಲಾಡದೆ ಇದ್ದರೆ ಇನ್ನೂ ಜಾಸ್ತಿ. ಶ್ವಾಸಕೋಶದ ಕೆಳಭಾಗ ಪೂರ್ತಿ ತೆರೆದುಕೊಳ್ಳದೆ ಕಫ ಕೂರುತ್ತದೆ. ಮಲಬದ್ಧತೆ ಹೆಚ್ಚುತ್ತದೆ. ನೋವಿನ ಮಾತ್ರೆ ತೆಗೆದುಕೊಳ್ಳುವವರಿಗಂತೂ ಅದು ದೊಡ್ಡ ಕಾಟ.

ಇನ್ನು ಸುಸ್ತು. ಕ್ಯಾನ್ಸರ್‌ನ ಸುಸ್ತು ನಮಗೆ ಗೊತ್ತಿರುವ ಸುಸ್ತಿನ ಹಾಗಲ್ಲ. ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದರೂ ಹಾಗೇ ಇರುತ್ತದೆ. ಇದಕ್ಕೆ ಏನು ಮಾಡಿದರೆ ಗುಣ ಅಂತ 113 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2017ರಲ್ಲಿ ಬಂತು. ವ್ಯಾಯಾಮ ಮತ್ತು ಮನಸ್ಸಿಗೆ ಕೊಡುವ ಬೆಂಬಲ, ಇವೆರಡೂ ಔಷಧಿಗಿಂತ ಹೆಚ್ಚು ಕೆಲಸ ಮಾಡಿದ್ದವು. ಸುಸ್ತಾದವರನ್ನು ನಡೆಸುವುದು ಕ್ರೂರ ಅಂತ ನನಗೂ ಅನ್ನಿಸಿತ್ತು. ಆದರೆ ಸರಿಯಾದ ಅಳತೆಯಲ್ಲಿ ನಡೆಸಿದರೆ ಸುಸ್ತು ಇಳಿಯುವುದೇ ಆಗ.

ಹೆಜ್ಜೆ 1: ಡಾಕ್ಟರ ಒಪ್ಪಿಗೆ, ಆದರೆ ಸರಿಯಾಗಿ ಕೇಳಿ

ಬೆಳಗಿನ ರೌಂಡ್ಸ್‌ನಲ್ಲಿ "ಓಡಾಡಬಹುದಾ ಡಾಕ್ಟರೇ?" ಅಂತ ಕೇಳಿದರೆ "ಹೂಂ, ಓಡಾಡಿ" ಅಂತ ಉತ್ತರ ಬರುತ್ತದೆ, ಅಷ್ಟೇ. ಅದರಿಂದ ಏನೂ ಗೊತ್ತಾಗುವುದಿಲ್ಲ. ಮಂಚದ ಪಕ್ಕ ನಿಲ್ಲುವುದಕ್ಕೆ ಒಪ್ಪಿಗೆಯಾ, ಕಾರಿಡಾರಿನ ತುದಿವರೆಗಾ? ಒಬ್ಬರೇ ಹೋಗಬಹುದಾ, ಜೊತೆಗೆ ಯಾರಾದರೂ ಇರಲೇಬೇಕಾ? ಮೂಳೆಗೆ ಕ್ಯಾನ್ಸರ್ ಹರಡಿದೆಯಾ, ಹಾಗಿದ್ದರೆ ಯಾವ ಕಡೆ ಭಾರ ಹಾಕಬಾರದು? ಯಾವ ಬ್ಲಡ್ ರಿಪೋರ್ಟ್ ಎಷ್ಟಕ್ಕಿಂತ ಕೆಳಗೆ ಬಂದರೆ ಆ ದಿನ ನಿಲ್ಲಿಸಬೇಕು? ಕೊಡುತ್ತಿರುವ ಔಷಧಿಯಲ್ಲಿ ಹೃದಯಕ್ಕೆ ತೊಂದರೆ ಕೊಡುವಂಥದ್ದು ಇದೆಯಾ? ಡಾಕ್ಸೋರುಬಿಸಿನ್, ಟ್ರಾಸ್ಟುಜುಮಾಬ್ ಇಂಥ ಔಷಧಿ ನಡೆಯುತ್ತಿದ್ದರೆ ಈ ಕೊನೆಯ ಪ್ರಶ್ನೆ ಮರೆಯಬೇಡಿ.

ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೇಳಿ. ರೌಂಡ್ಸ್ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ, ಆ ಗಡಿಬಿಡಿಯಲ್ಲಿ ಅರ್ಧ ಮರೆತುಹೋಗುತ್ತದೆ. ಫಿಸಿಯೋಥೆರಪಿಸ್ಟ್ ಬಂದು ನೋಡಲಿ ಅಂತಲೂ ಕೇಳಿ. ಎಷ್ಟೋ ಕಡೆ ಯಾರಾದರೂ ಕೇಳಿದರೆ ಮಾತ್ರ ಅವರನ್ನು ಕಳಿಸುತ್ತಾರೆ.

ಕೇಸ್ ಶೀಟಿನಲ್ಲಿ 'ಇಕಾಗ್' (ECOG) ಅಂತ ಬರೆದು ಪಕ್ಕದಲ್ಲಿ 0ಯಿಂದ 4ರೊಳಗಿನ ಒಂದು ಅಂಕೆ ಇರಬಹುದು. ರೋಗಿ ಎಷ್ಟು ಓಡಾಡುತ್ತಾರೆ ಅಂತ ಡಾಕ್ಟರು ಹಾಕುವ ಅಂಕೆ ಅದು. 0 ಅಂದರೆ ಮೊದಲಿನ ಹಾಗೇ ಎಲ್ಲ ಕೆಲಸ ಮಾಡುತ್ತಾರೆ. 2 ಅಂದರೆ ದುಡಿಯಲು ಆಗುವುದಿಲ್ಲ, ಆದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ, ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎದ್ದು ಓಡಾಡಿಕೊಂಡಿರುತ್ತಾರೆ. 3 ಅಂದರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಮಂಚ ಅಥವಾ ಕುರ್ಚಿಯಲ್ಲೇ. 4 ಅಂದರೆ ಪೂರ್ತಿ ಮಂಚದಲ್ಲೇ. ಮುಂದೆ ಯಾವ ಚಿಕಿತ್ಸೆ ಕೊಡಬಹುದು ಅಂತ ನಿರ್ಧರಿಸುವಾಗ ಈ ಅಂಕೆಯನ್ನೂ ನೋಡುತ್ತಾರೆ. ಹಾಗಾಗಿ ದಿನದ ಓಡಾಟ ಬರೀ ಹೊತ್ತು ಕಳೆಯುವ ದಾರಿಯಲ್ಲ.

ಆದರೆ ಇದು ಹೊರಗಿನಿಂದ ನೋಡಿ ಹಾಕುವ ಅಂಕೆ. ಒಳಗೆ ಹೇಗಿದೆ ಅಂತ ಹೇಳಬೇಕಾದವರು ರೋಗಿಯೇ.

ಹೆಜ್ಜೆ 2: ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ

"ನಿಮ್ಮ ಆರೋಗ್ಯ ಈಗ ಹೇಗಿದೆ ಅನ್ನಿಸುತ್ತದೆ?" ಅನ್ನುವ ಈ ಒಂದೇ ಪ್ರಶ್ನೆಯ ಮೇಲೆ ಜಗತ್ತಿನಾದ್ಯಂತ ಎಷ್ಟೋ ಅಧ್ಯಯನ ನಡೆದಿದೆ. 1997ರಲ್ಲಿ ಅಂಥ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ತಮ್ಮ ಆರೋಗ್ಯ ಚೆನ್ನಾಗಿಲ್ಲ ಅಂತ ಹೇಳಿದವರು ಮುಂದಿನ ವರ್ಷಗಳಲ್ಲಿ ಸಾಯುವ ಸಾಧ್ಯತೆ ಜಾಸ್ತಿ ಅಂತ ಅವುಗಳಲ್ಲಿ ಹೆಚ್ಚಿನವು ಕಂಡುಕೊಂಡಿದ್ದವು. ಕಾಯಿಲೆ, ವಯಸ್ಸು, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಾಗೇ ಇತ್ತು. ಯಾವ ಪರೀಕ್ಷೆಯಲ್ಲೂ ಕಾಣದ ಏನೋ ಒಂದು ಮೈಯೊಳಗಿರುವವರಿಗೆ ಮೊದಲು ಗೊತ್ತಾಗುತ್ತದೆ. ಹಾಗಂತ ಒಂದು ಕೆಟ್ಟ ದಿನದ ಉತ್ತರ ಕೇಳಿ ಹೆದರಬೇಡಿ. ಆ ಅಧ್ಯಯನಗಳು ಸಾವಿರಾರು ಜನರ ಲೆಕ್ಕ. ಒಬ್ಬರ ಮಂಗಳವಾರದ ಲೆಕ್ಕವಲ್ಲ. ನಮಗೆ ಇಲ್ಲಿ ಬೇಕಾಗಿರುವುದು ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅನ್ನುವುದು.

ಉತ್ತರಕ್ಕೆ ಐದು ಮಾತು ಇಟ್ಟುಕೊಳ್ಳಿ: ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಸುಮಾರಾಗಿದೆ, ಚೆನ್ನಾಗಿಲ್ಲ, ತೀರಾ ಕಷ್ಟ. ಇದರಲ್ಲಿ 'ಪರವಾಗಿಲ್ಲ' ಅನ್ನುವ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ. ಕನ್ನಡದಲ್ಲಿ ಆ ಮಾತಿನ ಹಿಂದೆ ಏನು ಬೇಕಾದರೂ ಅಡಗಿಕೊಳ್ಳುತ್ತದೆ. ನಿಜವಾಗಿ ಆರಾಮಾಗಿರುವವರೂ ಪರವಾಗಿಲ್ಲ ಅನ್ನುತ್ತಾರೆ, ಹಲ್ಲು ಕಚ್ಚಿ ನೋವು ತಡೆಯುತ್ತಿರುವವರೂ ಪರವಾಗಿಲ್ಲ ಅನ್ನುತ್ತಾರೆ. ಅಕ್ಕ ಡಾಕ್ಟರಿಗೆ, ನರ್ಸಿಗೆ, ಫೋನು ಮಾಡಿದವರಿಗೆ, ಎಲ್ಲರಿಗೂ ಒಂಬತ್ತು ದಿನ ಪರವಾಗಿಲ್ಲ ಅಂದಿದ್ದಳು. ಫಿಸಿಯೋಥೆರಪಿಸ್ಟ್ ಹೋದ ಮೇಲೆ ನಾನೇ ಮತ್ತೆ ಕೇಳಿದೆ. "ನಿಜ ಹೇಳಲಾ ಕಣೇ? ತೀರಾ ಕಷ್ಟ. ನೀನು ಅಳ್ತೀಯ ಅಂತ ಹೇಳಿರಲಿಲ್ಲ" ಅಂದಳು.

ಅದಕ್ಕೇ ಕೇಳುವ ರೀತಿ ಮುಖ್ಯ. "ಇವತ್ತು ಆರಾಮಾಗಿದ್ದೀರಾ ಅಲ್ವಾ?" ಅಂದರೆ ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗೆ. ಐದೂ ಮಾತು ಹೇಳಿ, ಇದರಲ್ಲಿ ಯಾವುದು ಅಂತ ಕೇಳಿ. ಉತ್ತರ ಬಂದ ಮೇಲೆ ತಿದ್ದಬೇಡಿ. 'ಚೆನ್ನಾಗಿಲ್ಲ' ಅಂದರೆ "ಛೇ, ಹಾಗನ್ನಬೇಡಿ, ಮುಖ ಎಷ್ಟು ಗೆಲುವಾಗಿದೆ" ಅನ್ನುವುದು ಪ್ರೀತಿಯ ಮಾತೇ ಇರಬಹುದು, ಆದರೆ ನಾಳೆ ನಿಮಗೆ ನಿಜವಾದ ಉತ್ತರ ಸಿಗುವುದಿಲ್ಲ. ಹೂಂ ಅನ್ನಿ, ಬರೆದುಕೊಳ್ಳಿ. ನೋಡಲು ಬಂದವರ ಮುಂದೆ ಕೇಳಬೇಡಿ. ಎದ್ದ ಕೂಡಲೇ ಬೇಡ. ಮುಖ ತೊಳೆದು, ಬೆಳಗಿನ ಮಾತ್ರೆ ಆಗಿ, ಸ್ವಲ್ಪ ಹೊತ್ತಿನ ಮೇಲೆ, ದಿನವೂ ಅದೇ ಸಮಯಕ್ಕೆ ಕೇಳಿ.

ಮಾತಾಡಲು ಆಗದವರೂ ಇರುತ್ತಾರೆ. ಬಾಯಿ ಹುಣ್ಣಿನಿಂದ ತುಟಿ ಅಲ್ಲಾಡಿಸುವುದೇ ಕಷ್ಟ ಆಗಿರಬಹುದು. ಅಂಥವರಿಗೆ ಐದು ಬೆರಳು ಸಾಕು. ಐದು ಅಂದರೆ ತುಂಬಾ ಚೆನ್ನಾಗಿದೆ, ಒಂದು ಅಂದರೆ ತೀರಾ ಕಷ್ಟ.

ಹೆಜ್ಜೆ 3: ಪಕ್ಕದಲ್ಲಿ ಮೂರು ಅಂಕೆ

ಅದರ ಜೊತೆಗೆ ನೋವು, ಸುಸ್ತು, ಉಸಿರಾಟದ ಕಷ್ಟ, ಮೂರಕ್ಕೂ 0ಯಿಂದ 10ರೊಳಗೆ ಒಂದೊಂದು ಅಂಕೆ ಬರೆಯಿರಿ. 0 ಅಂದರೆ ಇಲ್ಲವೇ ಇಲ್ಲ, 10 ಅಂದರೆ ಇದಕ್ಕಿಂತ ಜಾಸ್ತಿ ಇರಲಾರದು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಸಾಕು. ಒಂದು ಬೆಳಿಗ್ಗೆ, ಒಂದು ಸಂಜೆ. ರಾತ್ರಿ ನಿದ್ದೆ ಬಂತಾ, ಊಟ ಸೇರಿತಾ ಅನ್ನುವುದನ್ನೂ ನಾವು ಬರೆಯುತ್ತಿದ್ದೆವು. ಅದು ನಿಮ್ಮಿಷ್ಟ.

ಹೆಜ್ಜೆ 4: ಮಂಚದಿಂದ ಇಳಿಯುವುದು

ಎಲ್ಲಕ್ಕಿಂತ ನಿಧಾನವಾಗಿ ಮಾಡಬೇಕಾದ ಕೆಲಸ ಇದು. ಬೀಳುವುದು ನಡೆಯುವಾಗ ಮಾತ್ರವಲ್ಲ, ಏಳುವಾಗಲೂ ಬೀಳಬಹುದು.

ಮೊದಲು ಮಲಗಿದಲ್ಲೇ ಎರಡೂ ಪಾದವನ್ನು ಹಿಂದಕ್ಕೂ ಮುಂದಕ್ಕೂ ಇಪ್ಪತ್ತು ಸಲ ಆಡಿಸಲಿ. ಮೀನಖಂಡ ಬಿಗಿಯಾಗಿ ಸಡಿಲವಾಗುವುದು ಕೈಗೆ ಗೊತ್ತಾಗಬೇಕು. ಕಾಲಿನ ರಕ್ತ ಮೇಲಕ್ಕೆ ಹೋಗುವುದು ಹೀಗೆ. ಆಮೇಲೆ ಮಂಚದ ತಲೆಭಾಗ ಎತ್ತಿ, ಎರಡು ಮೂರು ನಿಮಿಷ ಒರಗಿ ಕೂರಲಿ.

ಅಷ್ಟರಲ್ಲಿ ನೀವು ಕೊಳವೆಗಳನ್ನು ನೋಡಿ. ಡ್ರಿಪ್ಪಿನ ಕೊಳವೆ ಯಾವ ಕೈಗಿದೆ, ಸ್ಟ್ಯಾಂಡ್ ಯಾವ ಕಡೆ ಇದೆ? ಆ ಕಡೆಗೇ ಇಳಿಯಬೇಕು. ಇಲ್ಲದಿದ್ದರೆ ಕೊಳವೆ ಮೈಮೇಲಿಂದ ಅಡ್ಡ ಹಾದು ಎಳೆಯುತ್ತದೆ. ಯೂರಿನ್ ಬ್ಯಾಗ್ ಇದ್ದರೆ ಸೊಂಟಕ್ಕಿಂತ ಕೆಳಗೇ ಇರಲಿ. ಎತ್ತಿದರೆ ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಆಪರೇಷನ್ ಆಗಿ ಡ್ರೇನ್, ಅಂದರೆ ಗಾಯದ ನೀರು ಹೊರಗೆ ಹರಿಸುವ ಕೊಳವೆ, ಹಾಕಿದ್ದರೆ ಅದನ್ನು ನೇತಾಡಲು ಬಿಡಬೇಡಿ, ಬಟ್ಟೆಗೆ ಪಿನ್ ಮಾಡಿಕೊಡಲು ನರ್ಸಿಗೆ ಹೇಳಿ. ಡ್ರಿಪ್ ಮಶಿನ್ನಿನ ವೈರ್ ಪ್ಲಗ್‌ನಲ್ಲಿ ಇದೆಯಾ ಅಂತ ನೋಡಿ, ತೆಗೆಯಬೇಕಿದ್ದರೆ ನರ್ಸ್ ತೆಗೆಯಲಿ. ಮಂಚದ ಗಾಲಿಗೆ ಬ್ರೇಕ್ ಹಾಕಿದೆಯಾ? ನೆಲ ಒರೆಸಿ ಎಷ್ಟು ಹೊತ್ತಾಯಿತು? ಬರೀ ಸಾಕ್ಸ್ ಹಾಕಿಕೊಂಡು ಇಳಿಯುವುದು ಬೇಡವೇ ಬೇಡ. ಸಡಿಲ ಚಪ್ಪಲಿಯೂ ಬೇಡ. ಹಿಮ್ಮಡಿ ಹಿಡಿಯುವ, ಜಾರದ ಅಡಿ ಇರುವ ಚಪ್ಪಲಿ ಅಥವಾ ಶೂ ಬೇಕು.

ಈಗ ಒಂದು ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಎದ್ದು ಕೂರಲಿ. ಪಾದ ನೆಲಕ್ಕೆ ತಾಗಬೇಕು. ಇಲ್ಲಿ ಪೂರ್ತಿ ಒಂದೆರಡು ನಿಮಿಷ ಕಾಯಿರಿ. ತಲೆ ಸುತ್ತುತ್ತಿದೆಯಾ, ಕಣ್ಣು ಮಂಜಾಗುತ್ತಿದೆಯಾ ಕೇಳಿ. ಬಹಳ ದಿನ ಮಲಗಿದ್ದವರಿಗೆ, ವಾಂತಿ ಭೇದಿಯಿಂದ ನೀರು ಕಡಿಮೆಯಾದವರಿಗೆ ಎದ್ದ ಕೂಡಲೇ ಬಿಪಿ ಇಳಿದುಬಿಡುತ್ತದೆ. ಮೇಲಿನ ಅಂಕೆ 20ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅವತ್ತು ನಡಿಗೆ ಬೇಡ, ಡಾಕ್ಟರಿಗೆ ಹೇಳಬೇಕು. ಮೊದಲ ಒಂದೆರಡು ದಿನ ಕೂತಾಗೊಮ್ಮೆ ನಿಂತಾಗೊಮ್ಮೆ ಬಿಪಿ ನೋಡಿ ಅಂತ ನರ್ಸನ್ನು ಕೇಳಿದರೆ ನೋಡುತ್ತಾರೆ.

ನಿಲ್ಲಿಸುವಾಗ ತೋಳು ಹಿಡಿದು ಎತ್ತಬೇಡಿ. ನಾನು ಮೊದಲು ಹಾಗೇ ಮಾಡಿದ್ದೆ, ಅಕ್ಕನ ತೋಳಿನ ತುಂಬಾ ನೀಲಿ ಕಲೆ ಆಯಿತು. ಅವಳ ಪ್ಲೇಟ್ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣ, ಕಡಿಮೆ ಇತ್ತು. ಪಕ್ಕದಲ್ಲಿ ನಿಂತು, ಒಂದು ಕೈ ಬೆನ್ನ ಹಿಂದೆ ಇಡಿ. ಅವರು ಮುಂದಕ್ಕೆ ಬಾಗಿ, ತಮ್ಮ ಕಾಲಿನ ಬಲದಿಂದಲೇ ಏಳಲಿ. ಮೂಗು ಮಂಡಿಗಿಂತ ಮುಂದೆ ಬಂದರೆ ಏಳುವುದು ಹಗುರ. ಎದ್ದು ನಿಂತು ನಿಧಾನಕ್ಕೆ ಹತ್ತರ ತನಕ ಎಣಿಸಿ. ಅಷ್ಟೇ ಆದರೂ ಅವತ್ತಿಗೆ ಅದು ವ್ಯಾಯಾಮವೇ.

ಹೆಜ್ಜೆ 5: ಬೆಳಗಿನ ಉತ್ತರಕ್ಕೆ ತಕ್ಕಷ್ಟು ಓಡಾಟ

'ತೀರಾ ಕಷ್ಟ' ಅಂದ ದಿನ ಮಂಚದ ಮೇಲೇ ಆಗುವಷ್ಟು. ಪಾದ ಆಡಿಸುವುದು, ಮಂಡಿ ಮಡಚಿ ಚಾಚುವುದು, ತೊಡೆ ಬಿಗಿಹಿಡಿದು ಬಿಡುವುದು, ನಾಲ್ಕೈದು ಸಲ ಆಳವಾಗಿ ಉಸಿರು ತೆಗೆದುಕೊಳ್ಳುವುದು. ಎಚ್ಚರವಿರುವಾಗ ಗಂಟೆಗೊಮ್ಮೆ ಎರಡು ನಿಮಿಷ. ಅವತ್ತಿನ ಉತ್ತರವನ್ನು ನರ್ಸಿಗೂ ತಿಳಿಸಿ. ನಿನ್ನೆ 'ಸುಮಾರು' ಅಂದವರು ಇವತ್ತು 'ತೀರಾ ಕಷ್ಟ' ಅಂದರೆ ಜ್ವರ, ಸೋಂಕು, ನೋವು ಏನೋ ಶುರುವಾಗಿರಬಹುದು.

'ಚೆನ್ನಾಗಿಲ್ಲ' ಅಂದ ದಿನ ಕುರ್ಚಿ. ಊಟ ಮಂಚದ ಮೇಲೆ ಬೇಡ, ಕುರ್ಚಿಯಲ್ಲಿ ಕೂತು ಮಾಡಲಿ. ಹಲ್ಲುಜ್ಜುವುದು, ಮುಖ ತೊಳೆಯುವುದು, ತಲೆ ಬಾಚಿಕೊಳ್ಳುವುದು, ಇದೆಲ್ಲ ಅವರೇ ಮಾಡಿಕೊಳ್ಳಲಿ. ಹತ್ತು ನಿಮಿಷ ಹಿಡಿದರೆ ಹಿಡಿಯಲಿ. ಬಾಚಣಿಗೆ ಕೈಯಿಂದ ಕಸಿದುಕೊಳ್ಳಬೇಕು ಅನ್ನಿಸುತ್ತದೆ. ನನಗೆ ಗೊತ್ತು, ನೋಡಿಕೊಂಡು ಸುಮ್ನೆ ಕೂರುವುದು ಎಷ್ಟು ಕಷ್ಟ ಅಂತ. ಆದರೂ ಕೂರಿ. ಆಗುವುದಾದರೆ ಬಾತ್‌ರೂಮಿನ ತನಕ ನಡೆಯಲಿ, ಜೊತೆಗೆ ಹೋಗಿ.

'ಸುಮಾರು' ಅಂದ ದಿನ ಸಣ್ಣ ಸಣ್ಣ ನಡಿಗೆ. ಒಂದೇ ಸಲ ಹದಿನೈದು ನಿಮಿಷ ನಡೆಯುವುದಕ್ಕಿಂತ, ಮೂರು ಸಲ ಐದೈದು ನಿಮಿಷ ಒಳ್ಳೆಯದು. ನಮಗೆ ಅಳತೆಗೆ ಮೀಟರ್ ಬೇಕಾಗಲಿಲ್ಲ, ನೆಲದ ಟೈಲ್ಸ್ ಇತ್ತು. ಮಂಚದಿಂದ ಬಾಗಿಲಿಗೆ ಹದಿನಾಲ್ಕು ಟೈಲ್ಸ್. ಅಕ್ಕ ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಒಂದೊಂದೇ ಎಣಿಸುತ್ತಿದ್ದಳು. ಸ್ಟ್ಯಾಂಡಿನ ಒಂದು ಗಾಲಿ ಕಿರ್ರ್ ಅನ್ನುತ್ತಿತ್ತು, ಆ ಸದ್ದು ನಿಂತರೆ ಅವಳು ಸುಧಾರಿಸಿಕೊಳ್ಳುತ್ತಿದ್ದಾಳೆ ಅಂತ ಲೆಕ್ಕ. ಮೊದಲ ದಿನ ಏಳನೇ ಟೈಲ್ಸಿಗೆ ವಾಪಸ್ ಬಂದಳು. ಐದನೇ ದಿನ ಬಾಗಿಲು ಮುಟ್ಟಿದಳು. ಅವತ್ತಿನ ಪುಟದಲ್ಲಿ '14' ಅಂತ ಅವಳೇ ದೊಡ್ಡದಾಗಿ ಬರೆದಳು.

'ಚೆನ್ನಾಗಿದೆ' ಅಥವಾ 'ತುಂಬಾ ಚೆನ್ನಾಗಿದೆ' ಅಂದ ದಿನ ಸ್ವಲ್ಪ ಜಾಸ್ತಿ ಮಾಡಬಹುದು. ಕಾರಿಡಾರಿನಲ್ಲಿ ಹತ್ತು ನಿಮಿಷದಂತೆ ಎರಡು ಮೂರು ಸಲ. ಕುರ್ಚಿಯಿಂದ ಎದ್ದು ಕೂರುವುದು ಐದರಿಂದ ಹತ್ತು ಸಲ. ತೊಡೆಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ವಾರ್ಡಿನಲ್ಲಿ ಸಿಗುವುದಿಲ್ಲ. ಗೋಡೆಗೆ ಎರಡೂ ಕೈಯೂರಿ ತಳ್ಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಆದರೆ ಒಳ್ಳೆಯ ದಿನವೇ ಹುಷಾರಾಗಿರಬೇಕಾದ ದಿನ ಕೂಡ. ಮೈ ಹಗುರ ಅನ್ನಿಸಿದಾಗ ಹುಮ್ಮಸ್ಸಿನಲ್ಲಿ ಎರಡರಷ್ಟು ನಡೆದು, ಮಾರನೇ ದಿನ ಪೂರ್ತಿ ಮಲಗುವವರನ್ನು ನೋಡಿದ್ದೇನೆ. ನಿನ್ನೆಗಿಂತ ಒಂದೆರಡು ನಿಮಿಷ ಜಾಸ್ತಿ, ಅಷ್ಟು ಸಾಕು.

ಯಾವ ಹೊತ್ತಿನಲ್ಲಿ ನಡೆಯಬೇಕು ಅಂತಲೂ ನೋಡಿಕೊಳ್ಳಿ. ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಮುಕ್ಕಾಲು ಗಂಟೆಗೆ ನೋವು ಇಳಿದಿರುತ್ತದೆ, ಅದು ಒಳ್ಳೆಯ ಸಮಯ. ಮಾರ್ಫಿನ್ ಥರದ ಔಷಧಿಯಿಂದ ಮಂಪರು ಬರುವವರಿಗೆ ಮಾತ್ರ ಅದೇ ಹೊತ್ತು ಅಪಾಯ. ಊಟವಾದ ಕೂಡಲೇ ಬೇಡ.

ಹೆಜ್ಜೆ 6: ನಡೆಯುತ್ತಾ ಮಾತಾಡಿಸಿ

ಎಷ್ಟು ಜೋರಾಗಿ ನಡೆಯಬೇಕು ಅನ್ನುವುದಕ್ಕೆ ಯಾವ ಮಶಿನ್ನೂ ಬೇಡ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆದರೆ ಸರಿಯಾಗಿದೆ. ನಡುವೆ ಉಸಿರಿಗೆ ನಿಲ್ಲಬೇಕಾದರೆ ಜಾಸ್ತಿ ಆಯಿತು ಅಂತ. ಎಷ್ಟು ಶ್ರಮ ಆಗುತ್ತಿದೆ ಅಂತ ರೋಗಿಯೇ ಅಂಕೆಯಲ್ಲಿ ಹೇಳುವ ಬೋರ್ಗ್ ಮಾಪಕವನ್ನು ಫಿಸಿಯೋಥೆರಪಿಸ್ಟ್‌ಗಳು ಬಳಸುತ್ತಾರೆ. ಅದರ 0ಯಿಂದ 10ರ ಲೆಕ್ಕದಲ್ಲಿ 3, ಹೆಚ್ಚೆಂದರೆ 4, ಅಂದರೆ 'ಸ್ವಲ್ಪ ಶ್ರಮ ಆಗುತ್ತಿದೆ' ಅನ್ನುವಷ್ಟರಲ್ಲಿ ಇದ್ದರೆ ಸಾಕು.

ಕೆಲವು ಸಲ ಕೂಡಲೇ ನಿಲ್ಲಿಸಿ ನರ್ಸನ್ನು ಕರೆಯಬೇಕು. ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಕಣ್ಣು ಕತ್ತಲೆ, ಎದೆಬಡಿತ ತಾಳತಪ್ಪಿದ ಹಾಗೆ ಅನ್ನಿಸುವುದು, ಮೂಗು ಬಾಯಿಂದ ರಕ್ತ, ಕೊಳವೆ ಹಾಕಿದ ಜಾಗದಲ್ಲಿ ಉರಿ ಅಥವಾ ಊತ. ಒಂದೇ ಕಾಲು ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ಆ ಕಾಲನ್ನು ತಿಕ್ಕಬೇಡಿ, ನಡೆಸಬೇಡಿ, ಮೊದಲು ಡಾಕ್ಟರು ನೋಡಲಿ. ಹೆಪ್ಪುಗಟ್ಟಿದ ರಕ್ತ ಇರಬಹುದು. ಇನ್ನೊಂದು ಮುಖ್ಯ ಲಕ್ಷಣ: ಬೆನ್ನಿನಲ್ಲಿ ಹೊಸದಾಗಿ ನೋವು, ಜೊತೆಗೆ ಕಾಲಿನಲ್ಲಿ ಬಲ ಕಡಿಮೆ ಅಥವಾ ಮರಗಟ್ಟುವುದು, ಮೂತ್ರ ಮಲ ಹಿಡಿತ ತಪ್ಪುವುದು. ಬೆನ್ನುಹುರಿ ಒತ್ತಿಕೊಂಡಿದ್ದರೆ ಹೀಗಾಗುತ್ತದೆ. ಇದಕ್ಕೆ ಬೆಳಗಿನ ರೌಂಡ್ಸ್ ತನಕ ಕಾಯಬೇಡಿ. ಗಂಟೆ ಗಂಟೆಗೂ ಬೆಲೆ ಇದೆ.

ಹೆಜ್ಜೆ 7: ರಿಪೋರ್ಟ್ ನೋಡಿ ಬದಲಾಯಿಸಿಕೊಳ್ಳಿ

ಕೀಮೋ ಆದ ಮೇಲೆ ರಕ್ತದ ಎಣಿಕೆ ಇಳಿಯುವುದು ಮಾಮೂಲಿ. ಆಗ ಓಡಾಟದ ರೀತಿ ಬದಲಾಗಬೇಕು. ಪ್ಲೇಟ್ಲೆಟ್ ಸಾಮಾನ್ಯವಾಗಿ ಒಂದೂವರೆ ಲಕ್ಷಕ್ಕಿಂತ ಮೇಲಿರುತ್ತದೆ. 50,000ಕ್ಕಿಂತ ಕೆಳಗಿಳಿದರೆ ಭಾರ ಎತ್ತುವ, ಬಲವಾಗಿ ಎಳೆಯುವ ವ್ಯಾಯಾಮ ಬಿಡಿಸುತ್ತಾರೆ. 20,000ಕ್ಕಿಂತ ಕೆಳಗೆ ಇದ್ದರೆ ಡಾಕ್ಟರು ಹೂಂ ಅಂದರೆ ಮಾತ್ರ, ಅದೂ ಯಾರಾದರೂ ಜೊತೆಗಿದ್ದು, ನಾಲ್ಕು ಹೆಜ್ಜೆ. ಯಾಕೆಂದರೆ ಆಗ ಬಿದ್ದರೆ ತಲೆಯೊಳಗೆ ರಕ್ತಸ್ರಾವ ಆಗಬಹುದು. ತಿಣುಕುವುದು, ಉಸಿರು ಬಿಗಿಹಿಡಿಯುವುದು ಕೂಡ ಬೇಡ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ. ಅದು ಸೋಮಾರಿತನ ಅಲ್ಲ, ರಕ್ತ ಇಲ್ಲ ಅಷ್ಟೇ. ಕೂತು ಮಾಡುವುದನ್ನು ಮಾಡಲಿ. ಬಿಳಿ ರಕ್ತಕಣ ಕಡಿಮೆಯಿದ್ದರೆ ಓಡಾಟ ನಿಲ್ಲಿಸಬೇಕಾಗಿಲ್ಲ. ಜನರಿರುವ ಕಾರಿಡಾರ್ ಬಿಟ್ಟು ರೂಮಿನೊಳಗೇ ನಡೆಯಲಿ, ಕೈ ತೊಳೆಯುವುದು ತಪ್ಪದಿರಲಿ. 38 ಡಿಗ್ರಿ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4 ಜ್ವರ ಬಂದರೆ ಅವತ್ತು ವಿಶ್ರಾಂತಿ, ಮತ್ತು ತಕ್ಷಣ ನರ್ಸಿಗೆ ತಿಳಿಸಬೇಕು. ಈ ಅಂಕೆಗಳಲ್ಲಿ ನಿಮ್ಮ ವಾರ್ಡಿನ ನಿಯಮ ಬೇರೆ ಇದ್ದರೆ ಅದೇ ಕೊನೆಯ ಮಾತು.

ಮೂಳೆಗೆ ಹರಡಿದ್ದರೆ ಸೊಂಟ ತಿರುಚುವುದು, ಬಗ್ಗಿ ಎತ್ತುವುದು ಬೇಡ. ಹೊಟ್ಟೆಯ ಆಪರೇಷನ್ ಆದವರು ಕೆಮ್ಮುವಾಗ, ಏಳುವಾಗ ಒಂದು ದಿಂಬನ್ನು ಹೊಲಿಗೆಯ ಮೇಲೆ ಒತ್ತಿ ಹಿಡಿದರೆ ನೋವು ಕಡಿಮೆ. ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲ್ಯಾಟಿನ್ ಇಂಥ ಔಷಧಿಗಳಿಂದ ಪಾದ ಜೋಮು ಹಿಡಿದ ಹಾಗೆ ಇರುತ್ತದೆ, ನೆಲ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಅವರು ನೆಲ ನೋಡಿಕೊಂಡೇ ನಡೆಯಲಿ, ರಾತ್ರಿ ದೀಪ ಹಾಕದೆ ಏಳುವುದು ಬೇಡ. ಡೆಕ್ಸಾಮೆಥಾಸೋನ್ ಥರದ ಸ್ಟೀರಾಯ್ಡ್ ಬಹಳ ದಿನ ತೆಗೆದುಕೊಂಡರೆ ತೊಡೆಯ ಬಲ ಕುಂದುತ್ತದೆ. ಕುರ್ಚಿಯಿಂದ ಏಳುವುದು ದಿನದಿಂದ ದಿನಕ್ಕೆ ಕಷ್ಟ ಅನ್ನಿಸಿದರೆ ಅದನ್ನು ಡಾಕ್ಟರ ಕಿವಿಗೆ ಹಾಕಿ.

ಹೆಜ್ಜೆ 8: ಸಂಜೆ ಮತ್ತೆ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ

ನನಗೆ ಅತಿ ಮುಖ್ಯ ಅನ್ನಿಸಿದ್ದು ಈ ಹೆಜ್ಜೆ. ಸಂಜೆ ಅದೇ ಪ್ರಶ್ನೆ, ಅದೇ ಐದು ಮಾತು. ಒಂದು ವಾರದ ಸಾಲುಗಳನ್ನು ನೋಡಿದರೆ ಒಂದು ದಾರಿ ಕಾಣುತ್ತದೆ.

ನಡೆದ ದಿನ ಸಂಜೆಯ ಉತ್ತರ ಬೆಳಗಿನದಕ್ಕಿಂತ ಮೇಲಿದ್ದರೆ ಅಳತೆ ಸರಿಯಾಗಿದೆ. ಸಂಜೆಗೂ ಮಾರನೇ ಬೆಳಿಗ್ಗೆಗೂ ಕೆಳಗಿಳಿದರೆ ಜಾಸ್ತಿ ಆಗಿದೆ, ಅರ್ಧಕ್ಕೆ ಇಳಿಸಿ. ಎರಡು ಮೂರು ದಿನ ಸತತವಾಗಿ ಇಳಿಯುತ್ತಿದ್ದರೆ ನೋಟ್‌ಬುಕ್ಕನ್ನೇ ಡಾಕ್ಟರ ಕೈಗೆ ಕೊಡಿ. "ಯಾಕೋ ಸರಿ ಇಲ್ಲ" ಅನ್ನುವುದಕ್ಕಿಂತ "ಭಾನುವಾರದಿಂದ ಸುಸ್ತು 4ರಿಂದ 8ಕ್ಕೆ ಹೋಗಿದೆ, ನಡಿಗೆ ಹತ್ತು ನಿಮಿಷದಿಂದ ಎರಡಕ್ಕೆ ಇಳಿದಿದೆ" ಅಂದರೆ ಅವರೂ ಕೂತು ಕೇಳುತ್ತಾರೆ.

ಕೆಲವು ಸಲ ಮಾತೂ ಓಡಾಟವೂ ಹೊಂದುವುದಿಲ್ಲ. ದಿನಾ 'ಚೆನ್ನಾಗಿದೆ' ಅನ್ನುತ್ತಾರೆ, ಆದರೆ ಮಂಚ ಬಿಟ್ಟು ಇಳಿಯುವುದಿಲ್ಲ. ಬೀಳುತ್ತೇನೆ ಅನ್ನುವ ಹೆದರಿಕೆ ಇರಬಹುದು. ನಿಮಗೆ ತೊಂದರೆ ಕೊಡಬಾರದು ಅಂತ ಇರಬಹುದು. ಇನ್ನು ಕೆಲವರು ಚೆನ್ನಾಗಿಯೇ ನಡೆಯುತ್ತಾರೆ, ರಿಪೋರ್ಟೂ ಸುಧಾರಿಸುತ್ತಿರುತ್ತದೆ, ಆದರೆ ದಿನಾ 'ತೀರಾ ಕಷ್ಟ' ಅನ್ನುತ್ತಾರೆ. ಅಲ್ಲಿ ಕುಗ್ಗಿರುವುದು ಮನಸ್ಸು. ನಿದ್ದೆ, ಅಳು, ಯಾವುದೂ ಬೇಡ ಅನ್ನಿಸುವುದು, ಇವುಗಳ ಬಗ್ಗೆ ಮೆಲ್ಲಗೆ ಕೇಳಿ. ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರು ಅಥವಾ ಮನೋವೈದ್ಯರು ಇದ್ದರೆ ಅವರನ್ನು ಕಾಣಲು ಕೇಳಿ. ಇನ್ನಷ್ಟು ನಡೆಸುವುದು ಇದಕ್ಕೆ ಉತ್ತರವಲ್ಲ.

ಅಕ್ಕನ ಪುಟಗಳಲ್ಲಿ ಒಂದು ದಿನ ಇದೆ. ಬೆಳಿಗ್ಗೆ 'ಚೆನ್ನಾಗಿಲ್ಲ', ಸುಸ್ತು 7. ಅವತ್ತು ಎರಡೇ ಸಲ ಕಿಟಕಿಯ ತನಕ ಹೋಗಿ, ನಿಂತು, ಹೊರಗೆ ಮಳೆ ನೋಡಿ ಬಂದಳು. ಸಂಜೆ 'ಸುಮಾರು', ಸುಸ್ತು 5. ಔಷಧಿ ಅದೇ, ಹಿಮೋಗ್ಲೋಬಿನ್ ಅದೇ. "ಇವತ್ತು ನಾನು ಒಂದು ಕೆಲಸ ಮಾಡಿದೆ ಅನ್ನಿಸ್ತಿದೆ" ಅಂದಳು. ದಿನವಿಡೀ ಎಲ್ಲವನ್ನೂ ಬೇರೆಯವರೇ ಮಾಡುವ ಜಾಗದಲ್ಲಿ, ತಾನಾಗಿ ಮಾಡಿದ ಒಂದು ಕೆಲಸ.

ಕೊನೆಯ ದಿನಗಳಲ್ಲಿರುವವರ ಬಗ್ಗೆಯೂ ಒಂದು ಮಾತು. ಗುಣವಾಗುವ ಚಿಕಿತ್ಸೆ ಮುಗಿದು, ನೋವು ಕಡಿಮೆ ಮಾಡುವುದಷ್ಟೇ ಉಳಿದಿದ್ದರೆ ಈ ಅಳತೆ, ಎಣಿಕೆ ಎಲ್ಲ ಬದಿಗಿಡಿ. ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಕಿಟಕಿ ಹತ್ತಿರ ಕೂರಬೇಕು ಅಂದರೆ ಕೂರಿಸಿ. ಮಲಗಬೇಕು ಅಂದರೆ ಮಲಗಲಿ.

ಹೆಜ್ಜೆ 9: ಮನೆಗೆ ಹೊರಡುವ ಮೊದಲು

ಡಿಸ್ಚಾರ್ಜ್‌ಗೆ ಒಂದೆರಡು ದಿನ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಒಂದು ಸಣ್ಣ ಪರೀಕ್ಷೆ ಮಾಡಿಸಿ. ಕೈಯೂರದೆ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಲು ಆಗುತ್ತದೆ ಅಂತ ಎಣಿಸುತ್ತಾರೆ. ಅಕ್ಕ ಮೊದಲು 3 ಸಲ ಎದ್ದಿದ್ದಳು, ಹೊರಡುವಾಗ 8. ಮನೆಯಲ್ಲಿ ಮೆಟ್ಟಿಲು ಇದ್ದರೆ ಆಸ್ಪತ್ರೆಯಲ್ಲೇ ನಾಲ್ಕು ಮೆಟ್ಟಿಲು ಹತ್ತಿ ಇಳಿದು ನೋಡಲಿ. ಮನೆಯಲ್ಲಿ ಎಷ್ಟು ಮಾಡಬೇಕು, ಮುಂದಿನ ಕೀಮೋ ದಿನಗಳಲ್ಲಿ ಏನು ಮಾಡಬೇಕು ಅಂತ ಬರೆಸಿಕೊಳ್ಳಿ.

ಚೇತರಿಸಿಕೊಂಡ ಮೇಲೆ ನಿಧಾನವಾಗಿ ತಲುಪಬೇಕಾದ ಗುರಿ ಒಂದಿದೆ. ತಜ್ಞರ ತಂಡವೊಂದು 2019ರಲ್ಲಿ ಹೇಳಿದ ಪ್ರಕಾರ, ವಾರಕ್ಕೆ ಮೂರು ಸಲ 30 ನಿಮಿಷ ಬಿರುಸಿನ ನಡಿಗೆಯಂಥದ್ದು, ಜೊತೆಗೆ ವಾರಕ್ಕೆ ಎರಡು ಸಲ ಸ್ನಾಯು ಬಲಪಡಿಸುವ ವ್ಯಾಯಾಮ. ಇಷ್ಟಕ್ಕೇ ಸುಸ್ತು, ಆತಂಕ, ಖಿನ್ನತೆ ಕಡಿಮೆಯಾಗುತ್ತವೆ. ದೊಡ್ಡಕರುಳಿನ ಕ್ಯಾನ್ಸರ್ ಇದ್ದ 889 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಆಪರೇಷನ್, ಕೀಮೋ ಮುಗಿದ ಮೇಲೆ ಮೂರು ವರ್ಷ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷದ ನಂತರ ಶೇ. 80ರಷ್ಟು ಜನ ಕ್ಯಾನ್ಸರ್ ಇಲ್ಲದೆ ಬದುಕಿದ್ದರು. ಬರೀ ಪುಸ್ತಿಕೆ ಕೊಟ್ಟು ಕಳಿಸಿದವರಲ್ಲಿ ಅದು ಶೇ. 74ರಷ್ಟಿತ್ತು. ಅದು ಒಂದು ಬಗೆಯ ಕ್ಯಾನ್ಸರ್‌ನ ಮಾತು, ಎಲ್ಲದಕ್ಕೂ ಹಾಗೇ ಅನ್ವಯಿಸಲಾಗದು. ಆದರೂ ಮನೆಗೆ ಹೋದ ಮೇಲೆ ನಡಿಗೆ ಬಿಡಬಾರದು ಅನ್ನುವುದಕ್ಕೆ ನನಗೆ ಇಷ್ಟು ಸಾಕಾಯಿತು.

ನೋಟ್‌ಬುಕ್ಕನ್ನು ಆಸ್ಪತ್ರೆಯಲ್ಲಿ ಮರೆತು ಬರಬೇಡಿ. ಡಿಸ್ಚಾರ್ಜ್ ಪೇಪರಿನ ಫೈಲಿನಲ್ಲೇ ಇಡಿ. ಮುಂದಿನ ಚೆಕಪ್‌ಗೆ ಹೋಗುವ ಹಿಂದಿನ ರಾತ್ರಿ ಅದನ್ನು ತೆಗೆದು, ಕೊನೆಯ ಏಳು ದಿನದ ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರು "ಹೇಗಿದ್ದೀರಾ?" ಅಂತ ಕೇಳಿದಾಗ 'ಪರವಾಗಿಲ್ಲ' ಅನ್ನುವ ಬದಲು ಆ ಚೀಟಿ ಕೊಡಿ.